ಇಳಿಜಾರಿನ ಹಳಬರು

1996ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅದರಲ್ಲಿ ಡೌನ್‌ಹಿಲ್ ಎಂಬ ವಿಭಾಗದ ನಿಯಮ ಒಂದೇ ಸಾಲಿನದು: ಗುಡ್ಡದ ತಲೆಯಿಂದ ಬುಡಕ್ಕೆ ಒಬ್ಬೊಬ್ಬರಾಗಿ ಇಳಿಯಬೇಕು, ಎಲ್ಲರಿಗಿಂತ ಬೇಗ ಇಳಿದವರು ಗೆದ್ದಂತೆ. ಆ ಸಲ ಪುರುಷರಲ್ಲಿ ಗೆದ್ದವರು ಫ್ರಾನ್ಸಿನ ನಿಕೊಲಾ ವೂಯೋ. ಎರಡನೆಯವರು ಅಮೆರಿಕದ ಶಾನ್ ಪಾಮರ್. ಇಬ್ಬರ ನಡುವಿನ ಅಂತರ 0.15 ಸೆಕೆಂಡ್, ಚಿಟಿಕೆ ಹೊಡೆಯುವುದಕ್ಕೂ ಸಾಲದ ಹೊತ್ತು.

ವೂಯೋ ಲೆಕ್ಕಾಚಾರದ ಮನುಷ್ಯ. ಅವರು ಓಡಿಸುತ್ತಿದ್ದ ಸುನ್ ಕಂಪನಿಯ ಸೈಕಲ್ಲಿನ ಶಾಕ್ ಅಬ್ಸಾರ್ಬರ್‌ಗಳ ಹಿಂದೆ ಇದ್ದದ್ದು ಒಲಿವಿಯೆ ಬೊಸಾರ್ ಎಂಬ ತಂತ್ರಜ್ಞರ ಕೈ. ಮೋಟಾರ್ ಸೈಕಲ್ ರೇಸಿನಲ್ಲಿ ಪಳಗಿ ಬಂದಿದ್ದ ಕೈ ಅದು. ಪಾಮರ್ ಮೂಲತಃ ಸ್ನೋಬೋರ್ಡ್ ಚಾಂಪಿಯನ್. ಸೈಕಲ್ ರೇಸಿಗೆ ಅವರು ಹೊಸಬರು, ಮೋಟೊಕ್ರಾಸಿನವರ ದೊಗಲೆ ಉಡುಪನ್ನು ಈ ಆಟಕ್ಕೆ ತಂದವರಲ್ಲಿ ಒಬ್ಬರು. ಅವರ ಕೈಯಲ್ಲಿದ್ದದ್ದು ಇಂಟೆನ್ಸ್ ಎಂ1. ಜೆಫ್ ಸ್ಟೀಬರ್ ಎಂಬವರು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೆಸುಗೆ ಹಾಕಿ ಕಟ್ಟುತ್ತಿದ್ದ ಅಲ್ಯೂಮಿನಿಯಂ ಸೈಕಲ್ ಅದು. ಆ ವರ್ಷಗಳಲ್ಲಿ ಎಂ1 ಎಷ್ಟು ಚೆನ್ನಾಗಿತ್ತೆಂದರೆ, ಬೇರೆ ಕಂಪನಿಗಳಿಂದ ಸಂಬಳ ಪಡೆಯುತ್ತಿದ್ದ ಹಲವು ಸವಾರರು ಇದನ್ನೇ ತಂದು, ತಮ್ಮ ಕಂಪನಿಯ ಬಣ್ಣ ಬಳಿದು, ಸ್ಟಿಕರ್ ಅಂಟಿಸಿ ಓಡಿಸಿದರು. ಕಂಪನಿಗಳಿಗೂ ಅದು ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು.

ಈ ಎರಡು ಸೈಕಲ್‌ಗಳನ್ನು ‘ಓಲ್ಡ್ ಸ್ಕೂಲ್’ ಎಂದು ಕರೆಯಲು ಹಳೆಯ ಡೌನ್‌ಹಿಲ್ ಸೈಕಲ್ ಕೂಡಿಡುವ ಯಾರೂ ಎರಡು ಸಲ ಯೋಚಿಸುವುದಿಲ್ಲ. ಜಗಳವೆಲ್ಲ ಅಂಚಿನಲ್ಲಿ. ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು? ಚಕ್ರ 26 ಇಂಚಿನದಾದರೆ ಸಾಕು ಎನ್ನುವವರಿದ್ದಾರೆ. ಡಿಸ್ಕ್ ಬ್ರೇಕ್ ಬರುವ ಮುಂಚಿನದಾಗಿರಬೇಕು ಎನ್ನುವ ಕಟ್ಟುನಿಟ್ಟಿನವರಿದ್ದಾರೆ. 2000ನೇ ಇಸವಿಗೆ ಗೆರೆ ಎಳೆದು ಕೈತೊಳೆದುಕೊಳ್ಳುವವರೂ ಇದ್ದಾರೆ. ನನಗೆ ಈ ಮೂರೂ ಗೆರೆಗಳು ಸೋಮಾರಿತನದ್ದಾಗಿ ಕಾಣುತ್ತವೆ. ಡೌನ್‌ಹಿಲ್ ಸೈಕಲ್ ಹೇಗಿರಬೇಕು ಎಂಬ ಪ್ರಶ್ನೆಗೆ ಒಪ್ಪಿತವಾದ ಉತ್ತರವೇ ಇಲ್ಲದ ಕಾಲವೊಂದಿತ್ತು. ವೆಲ್ಡಿಂಗ್ ಯಂತ್ರ ಇದ್ದ ಪ್ರತಿಯೊಬ್ಬನೂ ತನ್ನದೇ ಉತ್ತರ ಕೊಡುತ್ತಿದ್ದ. ಆ ಉತ್ತರಗಳಲ್ಲಿ ಒಂದಾಗಿದ್ದರೆ ಅದು ಓಲ್ಡ್ ಸ್ಕೂಲ್. ಆಮೇಲೆ ಬಂದವು ಎಷ್ಟೇ ಸವೆದಿರಲಿ, ಬರೀ ಹಳೆಯವು.

ಹಾಗಾದರೆ ಮೊದಲ ಅಂಚು ಎಲ್ಲಿ? ಕಥೆ ಹೇಳುವವರು ಸಾಮಾನ್ಯವಾಗಿ 1976ರ ಅಕ್ಟೋಬರ್ 21ಕ್ಕೆ ಹೋಗುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕೆ ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಊರಿನ ಹುಡುಗರು ಅವತ್ತು ಕಾಡಿನ ಮಣ್ಣುದಾರಿಯೊಂದರಲ್ಲಿ ಪಂದ್ಯ ಕಟ್ಟಿದರು. ದಾರಿ ಸುಮಾರು ಎರಡು ಮೈಲಿ, ಇಳಿಜಾರು 1300 ಅಡಿ. ಸೈಕಲ್‌ಗಳು ಎರಡನೆಯ ಮಹಾಯುದ್ಧಕ್ಕೂ ಹಿಂದಿನ ಷ್ವಿನ್ ಕಂಪನಿಯ ಭಾರದ ಉಕ್ಕಿನವು, ಗುಜರಿಗೆ ಹೋಗಬೇಕಾಗಿದ್ದವು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗೇ ಬ್ರೇಕ್ ಹಿಡಿಯುವ ಮಾದರಿ. ಒಂದು ಸಲ ಇಳಿಯುವಷ್ಟರಲ್ಲಿ ಹಬ್ ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸ್ ತುಂಬದೆ ಇನ್ನೊಂದು ಸಲ ಇಳಿಯುವಂತಿರಲಿಲ್ಲ. ಅದಕ್ಕೇ ಆ ದಾರಿಗೂ ಪಂದ್ಯಕ್ಕೂ ‘ರೀಪ್ಯಾಕ್’ ಎಂಬ ಹೆಸರು. ಗ್ಯಾರಿ ಫಿಶರ್ ಅಲ್ಲಿ 4 ನಿಮಿಷ 22 ಸೆಕೆಂಡಿನ ದಾಖಲೆ ಮಾಡಿದರು. ಅವರ ಬೆನ್ನಿಗೇ ಇದ್ದ ಜೋ ಬ್ರೀಝ್ 1977ರಲ್ಲಿ ಹಳೆಯದನ್ನು ತಿದ್ದುವ ಗೋಜು ಬಿಟ್ಟು ಹೊಸ ಫ್ರೇಮನ್ನೇ ಕಟ್ಟಿದರು. ಆ ಮೊದಲ ಬ್ರೀಝರ್ ಇಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಕಥೆ ಸೊಗಸಾಗಿದೆ, ಆದರೆ ಆ ಸೈಕಲ್‌ಗಳನ್ನು ನಾನು ಈ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಅವು ಇಡೀ ಮೌಂಟನ್ ಬೈಕ್ ಕುಲದ ಮೂಲಪುರುಷರು. ಇಳಿಯಲೆಂದೇ ಹುಟ್ಟಿದವಲ್ಲ, ಇಳಿಸಲ್ಪಟ್ಟವು. 1985ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಮತ್ ಪರ್ವತದಲ್ಲಿ ಶುರುವಾದ ಕಾಮಿಕಾಝೆ ಓಟದ ಸೈಕಲ್‌ಗಳದ್ದೂ ಅದೇ ಪಾಡು. 11,053 ಅಡಿ ಎತ್ತರದ ನೆತ್ತಿಯಿಂದ ಜಲ್ಲಿಹಾದಿಯಲ್ಲಿ ಗಂಟೆಗೆ 95 ಕಿಲೋಮೀಟರ್ ದಾಟುವ ವೇಗದಲ್ಲಿ ಇಳಿಯುತ್ತಿದ್ದದ್ದು ಹೆಚ್ಚುಕಡಿಮೆ ಗುಡ್ಡ ಹತ್ತುವ ಸೈಕಲ್‌ಗಳೇ. ಮುಂದಿನ ಹಲ್ಲುಚಕ್ರವನ್ನು ದೊಡ್ಡದು ಮಾಡಿಕೊಂಡರೆ ಮುಗಿಯಿತು, ಉಳಿದದ್ದು ಸವಾರನ ಎದೆಗಾರಿಕೆ. 1990ರಲ್ಲಿ ಕೊಲೊರಾಡೊದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಡೌನ್‌ಹಿಲ್ ಗೆದ್ದ ಗ್ರೆಗ್ ಹರ್ಬೋಲ್ಡ್ ಅವರ ಸೈಕಲ್ಲಿಗೆ ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕ್ ಇತ್ತು, ಅಂದರೆ ಪೆಟ್ಟು ಬಿದ್ದಾಗ ಕುಗ್ಗುವ, ಮುಂದಿನ ಚಕ್ರ ಹಿಡಿಯುವ ಕವೆ. ಅದು ಕುಗ್ಗುತ್ತಿದ್ದದ್ದು 48 ಮಿಲಿಮೀಟರ್. ಇಂದಿನ ಡೌನ್‌ಹಿಲ್ ಫೋರ್ಕ್ 200 ಮಿಲಿಮೀಟರ್ ಕುಗ್ಗುತ್ತದೆ. ಹರ್ಬೋಲ್ಡ್ ಅವರದೂ ಹೊಸ ಅಂಗ ಜೋಡಿಸಿಕೊಂಡ ಮಾಮೂಲಿ ಮೌಂಟನ್ ಬೈಕೇ.

ಗೆರೆ ಎಳೆಯಲೇಬೇಕೆಂದರೆ ನಾನು 1991ರ ಆಸುಪಾಸಿನಲ್ಲಿ ಎಳೆಯುತ್ತೇನೆ. ರಾಬರ್ಟ್ ರೈಸಿಂಗರ್ ಅವರ ಮೌಂಟನ್ ಸೈಕಲ್ ಕಂಪನಿ ಸ್ಯಾನ್ ಆಂಡ್ರಿಯಾಸ್ ಎಂಬ ಸೈಕಲ್ ತಂದದ್ದು ಆ ಹೊತ್ತಿನಲ್ಲಿ. ಕೊಳವೆಗಳನ್ನು ಜೋಡಿಸಿದ ತ್ರಿಕೋನ ಅದಕ್ಕಿರಲಿಲ್ಲ. ಅಲ್ಯೂಮಿನಿಯಂ ತಗಡನ್ನು ಬಾಗಿಸಿ ಬೆಸೆದ ಪೊಳ್ಳು ದೇಹ, ಮೋಟಾರ್ ಸೈಕಲ್ಲಿನ ಹಾಗೆ ತಲೆಕೆಳಗಾದ ಫೋರ್ಕ್, ಡಿಸ್ಕ್ ಬ್ರೇಕ್. ಉಳಿದವರು ತಂತಿ ಎಳೆದು ರಿಮ್ಮಿಗೆ ರಬ್ಬರ್ ಒತ್ತುತ್ತಿದ್ದಾಗ ಇದು ಬೇರೆ ಲೋಕದಿಂದ ಬಂದಂತಿತ್ತು. ಡಿಸ್ಕ್ ಬ್ರೇಕಿನ ಮೇಲೆ ಗೆರೆ ಎಳೆಯುವವರಿಗೆ ನಾನು ಮೊದಲು ತೋರಿಸುವುದು ಈ ಸೈಕಲ್ಲನ್ನೇ.

ಆಗ ನಮ್ಮ ಊರುಗಳಲ್ಲಿ ‘ಎಂಟಿಬಿ’ ಎಂದರೆ ಹೀರೋ ರೇಂಜರ್ ಅಥವಾ ಹರ್ಕ್ಯುಲಿಸ್. ದಪ್ಪ ಟೈರು, ನೇರ ಹ್ಯಾಂಡಲ್, ಕ್ಯಾರಿಯರ್ ಇಲ್ಲ, ಹೈಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಠೀವಿ. ಅವುಗಳಿಗೂ ಗುಡ್ಡಕ್ಕೂ ಸಂಬಂಧವಿರಲಿಲ್ಲ, ಇರಬೇಕೆಂದು ಯಾರೂ ಕೇಳಲೂ ಇಲ್ಲ.

ಅತ್ತ ಅಮೆರಿಕ, ಯುರೋಪಿನಲ್ಲಿ 1993ರಿಂದ ಡೌನ್‌ಹಿಲ್ಲಿಗೆ ವಿಶ್ವಕಪ್ ಸರಣಿ ಶುರುವಾಯಿತು. ಟಿವಿ ತಯಾರಿಸುವ ಜರ್ಮನಿಯ ಕಂಪನಿ ಗ್ರುಂಡಿಗ್ ವಿಶ್ವಕಪ್ಪಿಗೆ ಹೆಸರು ಕೊಟ್ಟಿತು, ವೋಲ್ವೊ ಕಾರಿನವರು ಕ್ಯಾನನ್‌ಡೇಲ್ ತಂಡಕ್ಕೆ ದುಡ್ಡು ಸುರಿದರು. ಆ ತಂಡದ ಮಿಸ್ಸಿ ಜೊವೆ 1994ರಲ್ಲಿ ಅಮೆರಿಕದ ವೇಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಕೊರಳಲ್ಲಿ ಒಣಗಿಸಿದ ಪಿರಾನ್ಹಾ ಮೀನನ್ನು ಕಟ್ಟಿಕೊಂಡು ಇಳಿಯುತ್ತಿದ್ದ ಸವಾರಿಣಿ ಅವರು. ಇಂಥವರನ್ನು ಟಿವಿ ಬಿಡುತ್ತದೆಯೇ? ದುಡ್ಡಿನ ಜೊತೆಗೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಅನುಕೂಲವಿತ್ತು. ಮರುಭೂಮಿ ರೇಸಿನ ಟ್ರಕ್, ಮೋಟೊಕ್ರಾಸ್ ಬೈಕ್, ವಿಮಾನದ ಬಿಡಿಭಾಗ ಮಾಡುವ ವರ್ಕ್‌ಶಾಪ್‌ಗಳು ಅಲ್ಲಿ ಬೀದಿಗೊಂದಿದ್ದವು. ಅಲ್ಯೂಮಿನಿಯಂ ಬೆಸೆಯುವ ಕೈಗಳಿಗೆ ಬರವಿರಲಿಲ್ಲ. ಬ್ರೆಂಟ್ ಫೋಸ್ ಎಂಬವರು ಅಂಥ ರೇಸ್ ಗಾಡಿಗಳ ಲೋಕದಿಂದಲೇ ಸೈಕಲ್ ಕಟ್ಟಲು ಬಂದವರು.

ಇಷ್ಟು ಜನ ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಿಂದಿನ ಚಕ್ರ ಕಲ್ಲಿಗೆ ಬಡಿದಾಗ ಅದು ನೇರ ಮೇಲಕ್ಕೆ ಹೋಗುವುದಕ್ಕಿಂತ ಮೇಲಕ್ಕೂ ಹಿಂದಕ್ಕೂ ಸರಿದರೆ ಒಳ್ಳೆಯದು. ಕಲ್ಲು ಬಂದ ದಿಕ್ಕಿಗೇ ಚಕ್ರ ಜಾಗ ಬಿಟ್ಟಂತಾಗುತ್ತದೆ, ವೇಗ ಉಳಿಯುತ್ತದೆ. ಆದರೆ ಚಕ್ರ ಹಿಂದಕ್ಕೆ ಸರಿದರೆ ಪೆಡಲಿನಿಂದ ಚಕ್ರಕ್ಕಿರುವ ದೂರ ಹೆಚ್ಚಾಗಿ ಚೈನ್ ಎಳೆಯುತ್ತದೆ, ಪೆಡಲ್ ಕಾಲಿಗೆ ಒದೆಯುತ್ತದೆ. ಅತ್ತ ಸವಾರ ಜೋರಾಗಿ ತುಳಿದಾಗ ಚೈನಿನ ಎಳೆತಕ್ಕೆ ಇಡೀ ಸೈಕಲ್ ಕುಣಿಯುತ್ತದೆ. ಬ್ರೇಕ್ ಹಿಡಿದರೆ ಇನ್ನೊಂದು ತೊಡಕು, ಹಿಂಭಾಗ ಸೆಟೆದುಕೊಂಡು ಶಾಕ್ ಅಬ್ಸಾರ್ಬರ್ ಕೆಲಸ ನಿಲ್ಲಿಸುತ್ತದೆ. ಈ ಮೂರಕ್ಕೂ ಒಟ್ಟಿಗೆ ಮದ್ದು ಹುಡುಕುವುದೇ ಆ ದಶಕದ ಕೆಲಸವಾಯಿತು.

ಆಸ್ಟ್ರಿಯಾದಲ್ಲಿ ಹುಟ್ಟಿ, ಮೋಟಾರ್ ಸೈಕಲ್ ಕಟ್ಟಿ, ಆಮೇಲೆ ಸೈಕಲ್ಲಿಗೆ ಬಂದ ಹೋರ್ಸ್ಟ್ ಲೈಟ್ನರ್ ಹಿಂಚಕ್ರದ ಅಚ್ಚಿನ ಮುಂದೆ, ಚೈನಿನ ಪಕ್ಕದ ಕೊಳವೆಯಲ್ಲಿ ಒಂದು ಕೀಲು ಕೂಡಿಸಿದರು. ನಾಲ್ಕು ಸರಳುಗಳ ಆ ಜೋಡಣೆಯ ಪೇಟೆಂಟನ್ನು ಸ್ಪೆಷಲೈಸ್ಡ್ ಕಂಪನಿ ಕೊಂಡಿತು. ಎಷ್ಟೋ ವರ್ಷ ಉಳಿದವರು ಅದಕ್ಕೆ ಹಣ ಕಟ್ಟಬೇಕಾಯಿತು, ಇಲ್ಲವೆ ಬೇರೆ ದಾರಿ ಹುಡುಕಬೇಕಾಯಿತು. ಹುಡುಕಿದವರ ದಾರಿಗಳೇ ಹೆಚ್ಚು ಮಜಾ. ಕೆನಡಾದ ಕ್ವಿಬೆಕ್‌ನ ಬಾಲ್ಫಾ ಕಂಪನಿ ತನ್ನ ಬಿಬಿ7ರಲ್ಲಿ ಹಿಂದಿನ ತೋಳಿನ ಕೀಲನ್ನು ಎತ್ತರದಲ್ಲಿಟ್ಟು, ಚೈನನ್ನು ಆ ಕೀಲಿನ ಹತ್ತಿರ ಒಂದು ಪುಟ್ಟ ಚಕ್ರದ ಮೇಲೆ ಹಾಯಿಸಿತು. ಚಕ್ರ ಎಷ್ಟು ಹಿಂದಕ್ಕೆ ಸರಿದರೂ ಪೆಡಲ್ ಒದೆಯದು. ನ್ಯೂಯಾರ್ಕಿನ ಬ್ರೂಕ್ಲಿನ್ ಮಷೀನ್ ವರ್ಕ್ಸ್‌ನವರು ಒಂದು ಚೈನಿಗೆ ಬದಲು ಎರಡು ಹಾಕಿದರು: ಪೆಡಲಿನಿಂದ ಕೀಲಿಗೊಂದು, ಕೀಲಿನಿಂದ ಚಕ್ರಕ್ಕೊಂದು. ಕ್ಯಾನನ್‌ಡೇಲ್‌ನವರು ಫಲ್ಕ್ರಮ್ ಎಂಬ ಸೈಕಲ್ಲನ್ನು ತಂಡದ ಸವಾರರಿಗಾಗಿಯೇ ಕಟ್ಟಿದರು. ಅದರ ಚೈನು, ಸರಳು, ಕೀಲುಗಳ ಜಾಲವನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್‌ಗಳ ಬಗ್ಗೆ ನನಗೆ ಇವತ್ತಿಗೂ ಮರುಕವಿದೆ. ಜಿಟಿ ಕಂಪನಿ ಪೆಡಲಿನ ಅಚ್ಚನ್ನೇ ಅಲುಗುವ ದುಂಡು ಬಿಲ್ಲೆಯೊಳಗೆ ಕೂರಿಸಿ ಐ-ಡ್ರೈವ್ ಎಂದಿತು.

ಉಳಿದ ಅಂಗಗಳಲ್ಲೂ ಇದೇ ಹುಚ್ಚು. ಫಿನ್‌ಲ್ಯಾಂಡಿನ ನೋಕಿಯನ್‌ನವರು ಮೂರು ಇಂಚು ಅಗಲದ ಗಝಲೋಡಿ ಟೈರು ತಂದರು. ಅದನ್ನು ಹಾಕಿಕೊಂಡ ಸೈಕಲ್ಲನ್ನು ಎತ್ತಲು ಇಬ್ಬರು ಬೇಕೇನೋ ಅನ್ನಿಸುತ್ತಿತ್ತು. ಜರ್ಮನಿಯ ಮಗೂರಾ ರಿಮ್ ಒತ್ತುವ ಬ್ರೇಕಿಗೇ ಎಣ್ಣೆಯ ಒತ್ತಡ ಕೊಟ್ಟಿತು. ಶಿಮಾನೊ ಗೇರ್ ಬದಲಿಸಲು ತಂತಿಯ ಬದಲು ಹವಾ ತುಂಬಿದ ಸಿಲಿಂಡರ್ ಬಳಸುವ ಏರ್‌ಲೈನ್ಸ್ ಎಂಬುದನ್ನು ಮಾರುಕಟ್ಟೆಗೆ ಬಿಟ್ಟಿತು. ಗೇರ್ ಹಾಕಿದಾಗಲೆಲ್ಲ ಹವಾ ಖರ್ಚು, ಹವಾ ಮುಗಿದರೆ ಗೇರ್ ಇಲ್ಲ. ಕೊಂಡವರು ಕಡಿಮೆ, ಇಂದು ಹುಡುಕುವವರು ಬಹಳ.

ಇದೆಲ್ಲದರ ನಡುವೆ ಗೆದ್ದ ಸೈಕಲ್‌ಗಳು ಎಷ್ಟು ಅಪಾಯಕಾರಿಯಾಗಿದ್ದವು ಎಂಬುದು ಇಂದಿನ ಡೌನ್‌ಹಿಲ್ ಸೈಕಲ್ಲಿನಿಂದ ಇಳಿದು ನೇರ ಅವುಗಳ ಮೇಲೆ ಕೂತರೆ ಮಾತ್ರ ತಿಳಿಯುವ ಸಂಗತಿ. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಫೋರ್ಕ್ ನೆಲಕ್ಕೆ ಸುಮಾರು 71 ಡಿಗ್ರಿ ಕೋನದಲ್ಲಿ, ಬಹುತೇಕ ಸೆಟೆದು ನಿಂತಿರುತ್ತಿತ್ತು. ಇಂದು 63 ಡಿಗ್ರಿಯ ಹತ್ತಿರ ಮುಂದಕ್ಕೆ ಚಾಚಿರುತ್ತದೆ. ಹ್ಯಾಂಡಲ್ ಆಗ 60 ಸೆಂಟಿಮೀಟರ್ ಸುಮಾರು, ಈಗ 80. ಹ್ಯಾಂಡಲ್ ಹಿಡಿಯುವ ಸ್ಟೆಮ್ ಆಗ ಗೇಣುದ್ದ ಮುಂದೆ ಚಾಚಿ ಸವಾರನ ಭಾರವನ್ನೆಲ್ಲ ಮುಂದಿನ ಚಕ್ರದ ಮೇಲೆ ಕೆಡವುತ್ತಿತ್ತು. ಕಡಿದಾದ ಜಾಗದಲ್ಲಿ ಸ್ವಲ್ಪ ತಪ್ಪಿದರೂ ಪಲ್ಟಿ. ಆನ್-ಕ್ಯಾರೊಲಿನ್ ಶೋಸೊಂ 1996ರಿಂದ 2003ರವರೆಗೆ ಸತತ ಎಂಟು ಸಲ ಮಹಿಳೆಯರ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದರು, ಆ ಓಟ ಶುರುವಾದದ್ದು ಇಂಥ ಸೈಕಲ್‌ಗಳ ಕಾಲದ ಬೆನ್ನಿಗೇ. ಆ ಅಂಕಿಯನ್ನು ಓದುವಾಗ ಈ ಡಿಗ್ರಿಗಳನ್ನೂ ನೆನಪಿಟ್ಟುಕೊಳ್ಳಬೇಕು.

ಕೊನೆಯ ಅಂಚು ಒಂದೇ ದಿನ ಬೀಳಲಿಲ್ಲ. ತೊಂಬತ್ತರ ದಶಕದ ಕೊನೆಗೆ ಬಂದ ರಾಕ್‌ಶಾಕ್ಸ್ ಬಾಕ್ಸರ್, ಫ್ರೇಮಿನ ಮುಂಗೊಳವೆಯನ್ನು ಮೇಲೂ ಕೆಳಗೂ ಹಿಡಿದುಕೊಳ್ಳುವ ಫೋರ್ಕ್, ಮುಂಭಾಗದ ಪ್ರಶ್ನೆಯನ್ನು ಮುಗಿಸಿತು. ಹೇಯ್ಸ್ ಕಂಪನಿಯ ಎಣ್ಣೆ ಒತ್ತಡದ ಡಿಸ್ಕ್ ಬ್ರೇಕ್ ನಿಲ್ಲಿಸುವ ಪ್ರಶ್ನೆಯನ್ನು ಮುಗಿಸಿತು. 2002ರಲ್ಲಿ ಸಾಂಟಾ ಕ್ರೂಝ್ ವಿ10 ಬಂತು. ಎರಡು ಪುಟ್ಟ ಕೊಂಡಿಗಳ ಮೇಲೆ ತೂಗುವ ಹಿಂಭಾಗ, ಹತ್ತು ಇಂಚಿನ ಕುಗ್ಗುವಿಕೆ, ಆದರೂ ತುಳಿದರೆ ಮುಂದೆ ಹೋಗುತ್ತದೆ. ಅದೇ ವರ್ಷ ವೂಯೋ ಆಸ್ಟ್ರಿಯಾದ ಕಾಪ್ರೂನ್‌ನಲ್ಲಿ ಹಿರಿಯರ ವಿಭಾಗದ ತಮ್ಮ ಏಳನೆಯ ವಿಶ್ವ ಚಾಂಪಿಯನ್ ಪಟ್ಟ ಗೆದ್ದರು. ಅಲ್ಲಿಂದ ಎರಡು ಮೂರು ವರ್ಷಗಳಲ್ಲಿ ವಿಶ್ವಕಪ್ ಸಾಲಿನ ಸೈಕಲ್‌ಗಳು ಒಂದೇ ಟೈಲರ್ ಹೊಲಿದ ಯೂನಿಫಾರ್ಮ್ ತೊಟ್ಟಂತೆ ಕಾಣತೊಡಗಿದವು. ಉತ್ತರ ಸಿಕ್ಕಿತ್ತು.

ಈ ಲೆಕ್ಕಕ್ಕೆ ಸರಿಯಾಗಿ ಇಕ್ಕಟ್ಟು ತಂದಿಡುವ ಎರಡು ಸೈಕಲ್‌ಗಳಿವೆ. ಮೊದಲನೆಯದು ಐರನ್ ಹಾರ್ಸ್ ಸಂಡೇ. ಡೇವ್ ವೀಗಲ್ ರೂಪಿಸಿದ ಕೊಂಡಿಗಳ ಈ ಸೈಕಲ್ ಮೇಲೆ ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2006 ಮತ್ತು 2007ರಲ್ಲಿ ವಿಶ್ವ ಚಾಂಪಿಯನ್ ಆದರು. ಕಂಪನಿ 2009ರಲ್ಲಿ ದಿವಾಳಿಯೆದ್ದಿತು. ಚಕ್ರ 26 ಇಂಚಿನದು, ಅಭಿಮಾನಿಗಳು ಲೆಕ್ಕವಿಲ್ಲದಷ್ಟು. ಆದರೂ ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಇಂದಿನ ಸವಾರನೊಬ್ಬ ಅದನ್ನು ಹತ್ತಿದರೆ ಚಕ್ರ ಸಣ್ಣದು ಎನ್ನುತ್ತಾನೆ, ಅಷ್ಟೆ. ಉಳಿದದ್ದೆಲ್ಲ ಅವನಿಗೆ ಪರಿಚಿತ. ಹಾಗೆ ನೋಡಿದರೆ 29 ಇಂಚಿನ ಚಕ್ರ ಡೌನ್‌ಹಿಲ್ಲಿಗೆ ಗಟ್ಟಿಯಾಗಿ ಕಾಲಿಟ್ಟದ್ದೇ 2017ರಲ್ಲಿ. ಸ್ಕಾಟ್‌ಲೆಂಡಿನ ಫೋರ್ಟ್ ವಿಲಿಯಂನಲ್ಲಿ ದಕ್ಷಿಣ ಆಫ್ರಿಕಾದ ಗ್ರೆಗ್ ಮಿನಾರ್ ಅದರ ಮೇಲೆ ಗೆದ್ದ ವರ್ಷ ಅದು. ಅದಕ್ಕೂ ಹಿಂದಿನದೆಲ್ಲ ಓಲ್ಡ್ ಸ್ಕೂಲ್ ಎಂದುಬಿಟ್ಟರೆ ಕಾಲೇಜು ಮುಗಿಸಿದ ಹುಡುಗರ ಸೈಕಲ್ಲೂ ಮ್ಯೂಸಿಯಂ ಸೇರಬೇಕಾಗುತ್ತದೆ.

ಎರಡನೆಯದು ಹೋಂಡಾ ಆರ್‌ಎನ್01. ಹೌದು, ಬೈಕು ಕಾರು ಮಾಡುವ ಅದೇ ಹೋಂಡಾ. 2004ರಿಂದ 2007ರ ಕೊನೆಯವರೆಗೆ ಅದು ವಿಶ್ವಕಪ್ಪಿನಲ್ಲಿ ಓಡಿತು. ಇದೇ ಮಿನಾರ್ 2005ರ ವಿಶ್ವಕಪ್ ಸರಣಿ ಗೆದ್ದದ್ದು ಅದರ ಮೇಲೆ. ಹಿಂಚಕ್ರದ ಪಕ್ಕ ನೇತಾಡುತ್ತ ಗೇರ್ ಬದಲಿಸುವ ಡಿರೈಲರ್ ಅದಕ್ಕಿರಲಿಲ್ಲ. ಗೇರೆಲ್ಲ ನಡುವಿನ ಮುಚ್ಚಿದ ಪೆಟ್ಟಿಗೆಯಲ್ಲಿ. ಒಳಗೇನಿದೆ ಎಂಬುದನ್ನು ತಂಡದವರು ಯಾರಿಗೂ ಕಾಣಿಸುತ್ತಿರಲಿಲ್ಲ. ಮಹಾ ರಹಸ್ಯವೆಂದು ಎಲ್ಲರೂ ಕಣ್ಣರಳಿಸಿದ ಆ ಪೆಟ್ಟಿಗೆಯಲ್ಲಿ ಕೊನೆಗೆ ಇದ್ದದ್ದು ಚೈನು, ಹಲ್ಲುಚಕ್ರಗಳ ಸಾಲು ಮತ್ತು ಮಡಚಿಟ್ಟ ಡಿರೈಲರಿನದೇ ಕೆಲಸ! ಅಂಗಡಿಯಲ್ಲಿ ಹೋಂಡಾ ಅದನ್ನು ಎಂದೂ ಮಾರಲಿಲ್ಲ, 2007ರ ನಂತರ ಗಂಟುಮೂಟೆ ಕಟ್ಟಿತು. ಇಸವಿ ನೋಡಿದರೆ ಇದು ತಡವಾಗಿ ಬಂದದ್ದು. ನನ್ನ ಲೆಕ್ಕದಲ್ಲಿ ಮಾತ್ರ ಅಪ್ಪಟ ಓಲ್ಡ್ ಸ್ಕೂಲ್: ಎಲ್ಲರೂ ಒಪ್ಪಿದ ಉತ್ತರವನ್ನು ಒಪ್ಪದೆ ಮೊದಲಿನಿಂದ ಲೆಕ್ಕ ಹಾಕಿದ ಕೊನೆಯ ದೊಡ್ಡ ಕಂಪನಿ ಅದು.

ತಮಾಷೆಯೆಂದರೆ ಸಿಕ್ಕಿದ ಉತ್ತರವೂ ಗಟ್ಟಿಯಾಗಿ ನಿಲ್ಲಲಿಲ್ಲ. ಸುನ್ ಕಂಪನಿ ಸ್ಥಾಪಿಸಿದ ಮ್ಯಾಕ್ಸ್ ಕೊಮೊನ್ಸಾಲ್ ಆಮೇಲೆ ಅಂಡೋರಾದಲ್ಲಿ ತಮ್ಮ ಹೆಸರಿನದೇ ಕಂಪನಿ ತೆರೆದರು. ಅದರ ಸುಪ್ರೀಮ್ ಸೈಕಲ್ ಮೇಲೆ ಅಮೋರಿ ಪಿಯೆರೋ 2018ರ ವಿಶ್ವಕಪ್ ಸರಣಿ ಗೆದ್ದರು. ಅದರ ಕೀಲು ಎತ್ತರದಲ್ಲಿದೆ, ಚೈನು ಪುಟ್ಟ ಚಕ್ರವೊಂದರ ಮೇಲೆ ಹಾಯುತ್ತದೆ. ಬಾಲ್ಫಾದವರು ಕ್ವಿಬೆಕ್‌ನಲ್ಲಿ ಬಹಳ ಹಿಂದೆಯೇ ಮಾಡಿದ್ದ ಕೆಲಸ! ಆಗ ಅದನ್ನು ಭಾರವೆಂದೂ ಸದ್ದು ಮಾಡುತ್ತದೆಂದೂ ದೂರ ಇಟ್ಟಿದ್ದರು. ಈಗ ಒಂದರ ಹಿಂದೊಂದು ಕಂಪನಿ ಆ ದಾರಿಗೆ ಬಂದಿದೆ. ಬಾಲ್ಫಾ ಮಾತ್ರ ಈಗಿಲ್ಲ.

ಹಳೆಯದನ್ನು ಕೊಂಡು ನಿಲ್ಲಿಸುವವರಲ್ಲಿ ಎರಡು ಪಂಗಡ. ಪ್ರತಿ ಬೋಲ್ಟೂ ಆ ಇಸವಿಯದೇ ಆಗಿರಬೇಕು ಎನ್ನುವವರು ಒಂದು ಕಡೆ, ಓಡಿಸಲು ಬರಬೇಕು ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಪಕ್ಷ, ಆದರೂ ಮೊದಲನೆಯವರ ಕಷ್ಟ ಅರ್ಥವಾಗುತ್ತದೆ. ತೊಂಬತ್ತರ ದಶಕದ ಎಷ್ಟೋ ಫೋರ್ಕ್‌ಗಳಲ್ಲಿ ಸ್ಪ್ರಿಂಗಿನ ಕೆಲಸ ಮಾಡುತ್ತಿದ್ದದ್ದು ರಬ್ಬರಿನಂಥ ಇಲಾಸ್ಟೊಮರ್ ತುಂಡುಗಳು. ಓಡಿಸಲಿ ಬಿಡಲಿ, ಕಾಲ ಕಳೆದಂತೆ ಅವು ಗಟ್ಟಿಯಾಗಿ ಪುಡಿಯಾಗುತ್ತವೆ, ಇಲ್ಲವೆ ಅಂಟಾಗಿ ಕರಗುತ್ತವೆ. ಫೋರ್ಕ್ ಹೊಳೆಯುತ್ತಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಅಳತೆ ಆಗ ಇಂಚಿನಲ್ಲಿತ್ತು, ಈಗಿನ ಹೊಸವು ಮಿಲಿಮೀಟರ್ ಅಳತೆಯವು, ನೇರವಾಗಿ ಕೂರುವುದಿಲ್ಲ. ಬ್ರೇಕಿನ ಪ್ಯಾಡ್ ಹೇಗೋ ಸಿಗುತ್ತದೆ, ಬ್ರೇಕಿನೊಳಗಿನ ರಬ್ಬರ್ ಸೀಲ್ ಸಿಗುವುದಿಲ್ಲ.

ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಫ್ರೇಮಿನ ಮುಂಗೊಳವೆಯ ಸುತ್ತ, ಹ್ಯಾಂಡಲಿನ ಕೆಳಗೆ, ಬೆಸುಗೆಯ ಅಂಚಿನಲ್ಲಿ. ಉಕ್ಕು ಬಾಗಿ ಎಚ್ಚರಿಸುತ್ತದೆ, ಅಲ್ಯೂಮಿನಿಯಂ ಕೂದಲೆಳೆಯ ಬಿರುಕನ್ನು ಒಳಗೊಳಗೇ ಬೆಳೆಸಿ ಒಂದು ದಿನ ಕೈಕೊಡುತ್ತದೆ. ಬಿರುಕು ಕಂಡರೆ ಗೋಡೆಗೆ ನೇತುಹಾಕುವುದೇ ಸರಿ, ಅಲ್ಲಿ ಇಸವಿಯ ಬೋಲ್ಟಿನವರ ಮಾತೇ ಗೆಲ್ಲಲಿ. ಬಿರುಕಿಲ್ಲದಿದ್ದರೆ ಕೀಲುಗಳನ್ನು ಅಲುಗಾಡಿಸಿ ನೋಡಬೇಕು. ಒಳಗಿರುವುದು ಬೇರಿಂಗ್ ಆದರೆ ಗಾಬರಿಯಿಲ್ಲ. ಎಷ್ಟೋ ಸೈಕಲ್‌ಗಳಲ್ಲಿ ಹಾಕಿದ್ದು ಕಾರ್ಖಾನೆಯ ಮೋಟರುಗಳಲ್ಲಿರುವಂಥ ಮಾಮೂಲಿ ಬೇರಿಂಗೇ. ಮೇಲೆ ಕೊರೆದ ನಂಬರ್ ಹೇಳಿದರೆ ಬೆಂಗಳೂರಿನ ಎಸ್.ಪಿ. ರೋಡಿನ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಬುಷ್ ಆಗಿದ್ದರೆ ಅಳತೆ ತೆಗೆದು ಲೇತ್ ಅಂಗಡಿಯಲ್ಲಿ ಹಿತ್ತಾಳೆಯದೋ ನೈಲಾನಿನದೋ ಕಡೆಸಬೇಕು. ಎಂ1 ಹುಟ್ಟಿದ ಕಾಲದಲ್ಲಿ ಅದನ್ನು ಕಟ್ಟಿದವರೂ ಹೆಚ್ಚುಕಡಿಮೆ ಹಾಗೆಯೇ ಮಾಡುತ್ತಿದ್ದದ್ದು.